ದೀಪದ ಬೋರ್ಡು

ಇಳಕಲ್ಲ, ತಾ. ಹುನಗುಂದ
12-11-1983

ಚಿರಂಜೀವಿ ಇಂದ್ರಾಳಿಗೆ ಅವ್ವನ ಆಶೀರ್ವಾದ.

ನಾನು ಆರಾಮ ಇದ್ದೇನೆ. ಆರಾಮ ಎಂದು ಬರೆದದ್ದಕ್ಕೆ "ಯಾಕೆ, ಏನಾಗಿತ್ತು" ಎಂದು ತಿರುಗಿ ಕೇಳಬೇಡ, ಏನೂ ಆಗಿಲ್ಲ. ಮೊಣಕಾಲು ಹಿಡಿಯುತ್ತದೆ, ಅದು ದಿನಾ ಇದ್ದದ್ದೇ.

ನಿನ್ನ ಕಾಗದ ಎಂಟು ದಿನ ತಡವಾಯಿತು. ಆ ಎಂಟು ದಿನ ನಾನು ಏನೇನು ನೆನೆಸಿದೆ ಎಂದು ಬರೆದರೆ ಹಾಳೆ ಸಾಲುವುದಿಲ್ಲ. ಮೊದಲು ಸ್ಟೋ ಭುಗಿಲೆಂದಿರಬೇಕು ಎಂದುಕೊಂಡೆ. ಆಮೇಲೆ ಗಿರಣಿಯ ಮೆಟ್ಟಿಲು. ಆಮೇಲೆ ಸ್ಟೇಷನ್ ರಸ್ತೆಯ ಎಮ್ಮೆಗಳು. ಕಡೆಗೆ ಟಪಾಲಿನವನು ಕಾಗದ ಕೊಟ್ಟ, ಒಡೆದು ನೋಡಿದರೆ ಅಬೇದಾಳಿಗೆ ನೆಗಡಿ ಆಗಿತ್ತು, ಬರೆಯುವವರು ಇರಲಿಲ್ಲ ಎಂದಿದೆ. ನೆಗಡಿಯಾದರೆ ಕೈಗೆ ಏನಾಗಿರುತ್ತದೆ? ಅಬೇದಾ, ಸಿಟ್ಟಾಗಬೇಡವ್ವ. ಓದುವವಳು ನೀನೇ ಎಂದು ಗೊತ್ತಿದ್ದೂ ಬಾಯಿಗೆ ಬಂದದ್ದು ಬರೆಯುತ್ತೇನೆ.

ಇಂದ್ರಾ, ನೀನು ಬಾಗಲಕೋಟೆಯ ನೂಲಿನ ಗಿರಣಿಯಲ್ಲಿ ಟೆಲಿಫೋನು ಕೂಡಿಸುವ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಕಣ್ಣಿಲ್ಲದ ಹುಡುಗಿ ಇಪ್ಪತ್ತು ಫೋನು ನೋಡಿಕೊಳ್ಳುತ್ತಾಳೆ ಎಂದರೆ ನಮ್ಮ ಓಣಿಯವರು ಈಗಲೂ ನನ್ನ ಮುಖ ನೋಡುತ್ತಾರೆ. ಕಾಸಿಂಬಿಯವರ ಮನೆಯ ಮುಂದಿನ ಖೋಲಿ ಸಿಕ್ಕದ್ದು, ಅವರ ಮಗಳು ಅದೇ ಗಿರಣಿಯ ಆಫೀಸಿನಲ್ಲಿ ಟೈಪು ಮಾಡುವವಳಾದದ್ದು, ನನ್ನ ಕಾಗದ ನಿನಗೆ ಓದಿ ನಿನ್ನ ಮಾತು ನನಗೆ ಬರೆಯುವುದು, ಇದೆಲ್ಲ ನಾನು ಎಲ್ಲೋ ಮಾಡಿದ ಪುಣ್ಯ. ಆ ಪುಣ್ಯ ಎಷ್ಟು ದಿನ ಬಾಳಿಕೆ ಬರುತ್ತದೋ ಎಂದೇ ನನಗೆ ಚಿಂತೆ.

ಅಬೇದಾ, ಮುಂದಿನ ನಾಲ್ಕು ಸಾಲು ನಿನಗೆ. ಇಂದ್ರಾಳಿಗೆ ಓದಬೇಡ. ಗಿರಣಿಗೆ ಹೊಸ ಬೋರ್ಡು ಬರುತ್ತದೆ, ಅದಕ್ಕೆ ದೀಪ ಇರುತ್ತವೆ ಎಂದು ನೀನು ಕಾಗದದ ತುದಿಯಲ್ಲಿ ಬರೆದಿದ್ದೀ. ದೀಪ ಎಂದರೆ ಇಂದ್ರಾ ಹೇಗೆ ನೋಡಬೇಕು? ಅವಳನ್ನು ತೆಗೆದುಹಾಕುತ್ತಾರೇನು? ನನಗೆ ಬೇರೆ ಕಾಗದದಲ್ಲಿ ಬರೆ. ಅವಳಿಗೆ ಗೊತ್ತಾಗುವುದು ಬೇಡ.

ಕಾಸಿಂಬಿಯವರಿಗೆ ಶರಣು ಹೇಳಿರಿ. ಸ್ಟೋಗೆ ಪಿನ್ನು ಹಾಕುವಾಗ ಮುಖ ಹಿಂದೆ ಇರಲಿ.

ನಿನ್ನ ಅವ್ವ,
ಗುರುಲಿಂಗವ್ವ

*

ಬಾಗಲಕೋಟೆ
24-11-1983

ಅವ್ವನಿಗೆ ಇಂದ್ರಾ ಮಾಡುವ ಶರಣಾರ್ಥಿ.

ಆ ನಾಲ್ಕು ಸಾಲನ್ನೂ ಅಬೇದಾ ಓದಿದಳು. ಓದುವ ಮೊದಲು ನಕ್ಕಳು, ಅದಕ್ಕೇ ಏನೋ ಇದೆ ಎಂದು ನನಗೆ ತಿಳಿಯಿತು. ಅವ್ವ ಬೇಡ ಎಂದಿದ್ದಾಳಲ್ಲ ಎಂದರೆ, "ನಾ ನಿನ್ನ ಕಣ್ಣಾಗಿ ಓದಾಕತ್ತೇನಿ. ಕಣ್ಣು ಸೋಸಿ ಸೋಸಿ ಓದಿದ್ರ ಅದು ಕಣ್ಣಲ್ಲ, ಜರಡಿ" ಎಂದಳು. ಆದ್ದರಿಂದ ಇನ್ನು ಮುಂದೆ ಗುಟ್ಟು ಏನಿದ್ದರೂ ನನಗೇ ಬರೆ.

ಹೊಸ ಬೋರ್ಡು ಬರುವುದು ಖರೆ. ಈಗಿನದು ಕಟ್ಟಿಗೆಯ ಕಪಾಟಿನಂತಿದೆ. ಇಪ್ಪತ್ತು ಫೋನಿಗೆ ಇಪ್ಪತ್ತು ಹಿತ್ತಾಳೆಯ ಮುಚ್ಚಳ, ಒಂದೊಂದು ಹೆಬ್ಬೆರಳ ಉಗುರಿನಷ್ಟು. ಗೋದಾಮಿನವರು ಫೋನು ಎತ್ತಿದರೆ ಗೋದಾಮಿನ ಮುಚ್ಚಳ ಟಪ್ ಎಂದು ಬೀಳುತ್ತದೆ. ಬೆರಳಾಡಿಸಿದರೆ ಯಾವುದು ಬಿದ್ದಿದೆ ಎಂದು ತಿಳಿಯುತ್ತದೆ. ಅದರ ಕೆಳಗಿನ ತೂತಿಗೆ ವೈರಿನ ತುದಿ ಚುಚ್ಚಿ ಅವರಿಗೆ ಬೇಕಾದವರ ಜೊತೆ ಕೂಡಿಸುತ್ತೇನೆ. ಈಗ ಬೆರಳೂ ಬೇಕಾಗಿಲ್ಲ. ನಾಲ್ಕನೆಯ ಮುಚ್ಚಳದ್ದು ಗೊಗ್ಗರು ದನಿ, ಹನ್ನೊಂದನೆಯದು ಬಿದ್ದ ಮೇಲೆ ಇನ್ನೊಮ್ಮೆ ಅಲುಗುತ್ತದೆ.

ಹೊಸದರಲ್ಲಿ ಮುಚ್ಚಳ ಇಲ್ಲ. ಯಾರು ಫೋನು ಎತ್ತಿದರೂ ಒಂದೇ ಗಂಟೆ. ಯಾರೆಂದು ದೀಪ ಹತ್ತಿ ತೋರಿಸುತ್ತದೆ. ಕಣ್ಣಿದ್ದವರಿಗೆ ಭಾಳ ಚಲೋ ಅಂತೆ.

ಮ್ಯಾನೇಜರ ಸಾಹೇಬರು ಕೆಟ್ಟವರಲ್ಲ. ನನ್ನನ್ನು ಕರೆದು, ನಿನ್ನನ್ನು ತೆಗೆಯುವುದಿಲ್ಲ, ಲಕೋಟೆ ಅಂಟಿಸುವ ಕೆಲಸ ಕೊಡುತ್ತೇನೆ, ಪಗಾರ ಕಡಿಮೆ ಆಗುವುದಿಲ್ಲ ಎಂದರು. ನಾನು ಹೂಂ ಅನ್ನಲಿಲ್ಲ. ಲಕೋಟೆಯ ಖೋಲಿಯಲ್ಲಿ ದಿನವಿಡೀ ಯಾರೂ ಮಾತಾಡುವುದಿಲ್ಲ ಅವ್ವಾ. ಬೋರ್ಡಿನ ಮುಂದೆ ಕೂತರೆ ಇಡೀ ಗಿರಣಿ ನನ್ನ ಕೈಯೊಳಗಿಂದ ಹಾದು ಮಾತಾಡುತ್ತದೆ. ಹತ್ತಿ ಎಷ್ಟು ಬಂತು, ಯಾವ ಯಂತ್ರ ನಿಂತಿತು, ಯಾರ ಮನೆಯಲ್ಲಿ ಹೆರಿಗೆ ಆಯಿತು, ಮೊದಲು ಗೊತ್ತಾಗುವುದು ನನಗೆ. ಅದನ್ನು ಬಿಟ್ಟು ಗೋಂದಿನ ಡಬ್ಬಿಯ ಮುಂದೆ ಹೇಗೆ ಕೂಡಲಿ?

ಗಿರಣಿಯ ವೈರಮನ್ ಜಾಫರಸಾಬ ಒಂದು ಉಪಾಯ ಹೇಳಿದ್ದಾನೆ. ಪ್ರತಿ ದೀಪದ ಪಕ್ಕ ಒಂದು ಸಣ್ಣ ಮೊಳೆ ಕೂಡಿಸುವುದು. ದೀಪ ಹತ್ತಿದಾಗ ಅದೇ ವೈರಿನ ಜೋರಿಗೆ ಮೊಳೆ ಮೇಲೆ ಏಳಬೇಕು, ಬೆರಳಿಗೆ ತಾಕಬೇಕು. ಸಾಹೇಬರು ಕೇಳಿ, ಹೊಸ ಬೋರ್ಡಿಗೆ ತೂತು ಹಾಕುವುದೇ ಎಂದು ಹಣೆ ಒತ್ತಿಕೊಂಡರಂತೆ. ಬೇಡ ಎಂದಿಲ್ಲ. ಹೊಸ ವರ್ಷ ಆಗಲಿ ಎಂದಿದ್ದಾರೆ.

ನೀನು ಏನೂ ಮಾಡಬೇಡ. ಯಾರಿಗೂ ಹೇಳಬೇಡ, ಯಾರನ್ನೂ ಕೇಳಬೇಡ. ಸಾಹೇಬರ ಜೊತೆ ನಾನೇ ಮಾತಾಡುತ್ತೇನೆ.

ನಿನ್ನ ಇಂದ್ರಾ

(ಅವ್ವಾರ, ನೆಗಡಿ ಆದಾಗ ಕೈಗೆ ಏನೂ ಆಗಿರಲಿಲ್ಲ. ಕೈ ಮೂಗಿನ ಹತ್ತಿರ ಕೆಲಸದಲ್ಲಿತ್ತು. — ಅಬೇದಾ)

*

ಇಳಕಲ್ಲ
6-12-1983

ಚಿ. ಇಂದ್ರಾಳಿಗೆ ಆಶೀರ್ವಾದ.

ಏನೂ ಮಾಡಬೇಡ ಎಂದಿದ್ದೀ. ನನಗೆ ಏನು ಮಾಡಲು ಬರುತ್ತದೆ? ನಾಲ್ಕನೇ ಇಯತ್ತೆಯ ಅರ್ಧಕ್ಕೆ ಸಾಲೆ ಬಿಡಿಸಿ ನನ್ನನ್ನು ಮಗ್ಗದ ಮನೆಗೆ ಕಳಿಸಿದರು. ಒತ್ತಕ್ಷರ ಬಂದಲ್ಲಿ ಈಗಲೂ ಪೆನ್ನು ನಿಲ್ಲುತ್ತದೆ. ನಾನು ಏನೂ ಮಾಡುವುದಿಲ್ಲ.

ಆದರೆ ಕೇಳುತ್ತೇನೆ. ಆ ಮೊಳೆಗೆ ಕರೆಂಟು ಹರಿಯುವುದಿಲ್ಲವೇ? ದಿನಾ ಬೆರಳು ಇಡುವವಳು ನೀನು, ಜಾಫರಸಾಬ ಅಲ್ಲ. ಮೊಳೆ ಏಳದಿದ್ದರೆ? ಎರಡು ಒಟ್ಟಿಗೆ ಎದ್ದರೆ? ಸಾಹೇಬರ ಫೋನು ತಪ್ಪಿ ಬೇರೆ ಕಡೆ ಹೋದರೆ ಅವರು ಎಲ್ಲರೆದುರು ಬೈಯುತ್ತಾರೆ. ನೀನು ಕೈಯಾಡಿಸಿ ಹುಡುಕುತ್ತ ಕೂಡುವುದು, ಮಂದಿ ನಿಂತು ನೋಡುವುದು, ಅದನ್ನು ನೆನೆಸಿ ರಾತ್ರಿ ಎರಡು ಸಲ ಎದ್ದು ಕೂತೆ. ಲಕೋಟೆ ಅಂಟಿಸುವುದು ಅಷ್ಟು ಕೆಟ್ಟದ್ದೇ? ಕೂತು ಮಾಡುವ ಕೆಲಸ. ತಪ್ಪಿದರೆ ಇನ್ನೊಮ್ಮೆ ಅಂಟಿಸಿದರಾಯಿತು. ಮಾತು ಬೇಕಾದರೆ ಮನೆಯಲ್ಲಿ ಅಬೇದಾ ಇದ್ದಾಳೆ.

ಕಿರಾಣಿ ಅಂಗಡಿಯಿಂದ ಉದ್ದ ಗೆರೆಯ ಹಾಳೆ ನಾಲ್ಕು ತಂದಿಟ್ಟೆ. ಏನಕ್ಕೂ ಇರಲಿ ಎಂದು.

ಅಬೇದಾ, ನಿಮ್ಮ ಮ್ಯಾನೇಜರ ಸಾಹೇಬರ ಹೆಸರಿನ ಮುಂದೆ ಶ್ರೀ ಒಂದು ಸಾಕೋ, ಎರಡು ಬರೆಯಬೇಕೋ? ಸುಮ್ಮನೆ ಕೇಳಿದೆ.

ನಿನ್ನ ಅವ್ವ

*

ಬಾಗಲಕೋಟೆ
27-12-1983

ಅವ್ವಾ,

ನಿನ್ನ ಅರ್ಜಿ ಮುಟ್ಟಿತು. ನನಗಲ್ಲ, ಸಾಹೇಬರಿಗೆ.

ಫೈಲಿಗೆ ಹಚ್ಚಲು ಅದು ಅಬೇದಾಳ ಟೇಬಲ್ಲಿಗೆ ಬಂತು. ಎರಡು ವರ್ಷ ನಿನ್ನ ಅಕ್ಷರ ಓದಿದವಳು, ಸಹಿಯವರೆಗೆ ಹೋಗುವ ಮೊದಲೇ ಗುರುತು ಹಿಡಿದಳು. ಮಧ್ಯಾಹ್ನ ಡಬ್ಬಿ ಬಿಚ್ಚದೆ ನನ್ನ ಹತ್ತಿರ ಬಂದು ಕೂತು ಓದಿ ಹೇಳಿದಳು. "ನನ್ನ ಮಗಳು ಕುರುಡಿ. ಹೊಸ ಯಂತ್ರ ಅವಳ ಕೈಲಾಗುವುದಿಲ್ಲ. ದಯಮಾಡಿ ಲಕೋಟೆಯ ಕೆಲಸಕ್ಕೆ ಹಾಕಿರಿ." ಅಷ್ಟು ಓದುವುದರಲ್ಲಿ ಎರಡು ಮುಚ್ಚಳ ಬಿದ್ದವು. ಎದ್ದು ಕೂಡಿಸಿ ಬಂದು ಉಳಿದದ್ದು ಕೇಳಿದೆ.

ಜಾಫರಸಾಬ ಮರುದಿನ ಮತ್ತೆ ಮೊಳೆಯ ಮಾತು ತೆಗೆದನಂತೆ. ಸಾಹೇಬರು, "ಹಡದಾಕೀನ ಬ್ಯಾಡಂತಾಳ. ನಾ ಯಾಕ ಹೊಸಾ ಬೋರ್ಡಿಗೆ ತೂತ ಹಾಕಸ್ಲಿ?" ಎಂದರಂತೆ.

ಕಾಣುವುದಿಲ್ಲ ಎಂದು ಬರೆದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಅದು ಖರೆ. ಕೈಲಾಗುವುದಿಲ್ಲ ಎಂದು ಯಾಕೆ ಬರೆದೆ? ನನಗೆ ಇರುವುದು ಕೈ ಒಂದೇ.

ಸದ್ಯ ಬರೆಯಲು ಏನೂ ಇಲ್ಲ.

ಇಂದ್ರಾ

*

ಇಳಕಲ್ಲ
11-1-1984

ಚಿ. ಇಂದ್ರಾಳಿಗೆ,

ಸಂಕ್ರಮಣಕ್ಕೆ ಡಬ್ಬಿ ಕಳಿಸಿದ್ದೇನೆ. ಬಸ್ಸಿನ ಕಂಡಕ್ಟರ್ ಗುರುತಿನವನು, ಕಾಸಿಂಬಿಯವರ ಮನೆಗೇ ಮುಟ್ಟಿಸುತ್ತೇನೆ ಎಂದಿದ್ದಾನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಆರು. ಹೋಳಿಗೆ ಎರಡು ನಿನಗೆ, ಎರಡು ಅಬೇದಾಳಿಗೆ, ಎರಡು ಕಾಸಿಂಬಿಯವರಿಗೆ. ರೊಟ್ಟಿ ಮುರಿದಿದ್ದರೆ ಅದು ಹುನಗುಂದ ದಾಟಿದ ಮೇಲಿನ ರಸ್ತೆಯ ತಪ್ಪು.

ಆ ಮಾತಿನ ಬಗ್ಗೆ ಬರೆದು ಬರೆದು ಮೂರು ಹಾಳೆ ಒಲೆಗೆ ಹಾಕಿದೆ. ಕೈಲಾಗುವುದಿಲ್ಲ ಎಂಬುದು ಎಲ್ಲರ ಬಾಯಲ್ಲಿ ಬರುವ ಶಬ್ದ. ಮೊಣಕಾಲು ಹಿಡಿದಾಗ ನಡೆಯುವುದು ಕೈಲಾಗುವುದಿಲ್ಲ ಎನ್ನುತ್ತೇನೆ. ನಡೆಯುವುದಕ್ಕೆ ಕೈ ಎಲ್ಲಿಂದ ಬಂತು? ಹಾಗೇ ಬಂದು ಬಿದ್ದಿತು. ನಿನ್ನ ಕೈಯನ್ನು ನೆನೆಸಿ ಬರೆದದ್ದಲ್ಲ.

ನೆನೆಸದೇ ಬರೆದದ್ದು ತಪ್ಪು ಎನ್ನುತ್ತೀಯೇನು? ಹಾಗಾದರೆ ಹಾಗೆಂದು ಬರೆ. ಬೈದು ಬರೆದರೂ ಸರಿ. ಅಬೇದಾ, ಅವಳು ಬೈದದ್ದನ್ನು ಮೆತ್ತಗೆ ಮಾಡಿ ಬರೆಯಬೇಡ.

ಅವ್ವ

*

ಇಳಕಲ್ಲ
2-2-1984

ಚಿ. ಇಂದ್ರಾಳಿಗೆ ಅವ್ವನ ಆಶೀರ್ವಾದ, ನಿನಗೆ ಬೇಕಾದರೂ ಬೇಡವಾದರೂ.

ಡಬ್ಬಿ ವಾಪಸು ಬಂತು. ಕಂಡಕ್ಟರ್ ಕೊಟ್ಟ ಕೂಡಲೇ ಕೈಗೆ ಹಗುರ ಆಯಿತು. ಬರಿ ಡಬ್ಬಿ ಮರಳಿ ಕಳಿಸಬಾರದು ಎಂದು ನಿನಗೆ ಕಲಿಸಿದವಳು ನಾನೇ. ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ನಾಲ್ಕು ಕಾಳು ಸಕ್ಕರೆ ಇತ್ತು. ನೀನು ಹಾಕಿದ್ದೋ, ಅಬೇದಾ ಹಾಕಿದ್ದೋ ತಿಳಿಯಲಿಲ್ಲ. ಬಾಯಿಗೆ ಹಾಕಿಕೊಂಡೆ.

ನಿನ್ನೆ ಕಾಶಪ್ಪನ ಮಗ್ಗದಲ್ಲಿ ಕೂತಿದ್ದೆ. ನನ್ನ ಕೆಲಸ ನಿನಗೆ ಗೊತ್ತು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು, ಒಂದೂ ಬಿಡಬಾರದು. ಟಪಾಲಿನವನು ಬರುವ ಹೊತ್ತು. ನಾನು ಬಾಗಿಲ ಕಡೆ ನೋಡುತ್ತ ಕೂತುಬಿಟ್ಟಿದ್ದೆ. ಅವನು ಓಣಿಯ ಆ ತುದಿಗೆ ಬಂದ, ಎರಡು ಮನೆಗೆ ಕೊಟ್ಟ, ಯಾರ ಜೊತೆಗೋ ನಿಂತು ಮಾತಾಡಿದ, ನಮ್ಮ ಬಾಗಿಲ ಮುಂದೆ ಹಾದು ಹೋದ. ಕಾಶಪ್ಪ ಕೇಳಿದ, "ಗುರುಲಿಂಗವ್ವಾ, ನೀ ಎಲ್ಲೆ ನೋಡಾಕತ್ತಿ? ಮಗ್ಗ ಇತ್ತ ಐತಿ." ಆಗ ಕೆಳಗೆ ನೋಡಿದೆ. ಅಷ್ಟು ಹೊತ್ತು ನನ್ನ ಕೈ ತನ್ನ ಪಾಡಿಗೆ ತಾನು ಕೊಂಡಿ ಹಾಕುತ್ತಲೇ ಇತ್ತು. ಕಾಶಪ್ಪ ಬಂದು ಎಳೆ ಎಳೆ ಬಿಡಿಸಿ ನೋಡಿದ. ಒಂದೂ ತಪ್ಪಿರಲಿಲ್ಲ.

ಮೂವತ್ತು ವರ್ಷ ನಾನು ನೋಡಿಕೊಂಡು ಈ ಕೆಲಸ ಮಾಡುತ್ತೇನೆ ಎಂದು ತಿಳಿದಿದ್ದೆ. ಎಂದೂ ನೋಡಿಯೇ ಇರಲಿಲ್ಲ. ಅರ್ಜಿ ಬರೆಯುವಾಗ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಅಲ್ಲೇ ಅತ್ತೆ. ಕಾಶಪ್ಪ, ಕೆಲಸ ಚಲೋ ಆಗಿದೆ ಎಂದರೂ ಅಳುವವಳನ್ನು ಇವತ್ತೇ ಕಂಡೆ ಎಂದ.

ಇನ್ನೊಂದು ಮಾತು ಇದೆ. ಅಬೇದಾ, ಇದನ್ನು ಬಿಡದೆ ಓದು.

ನಿನಗೆ ನಾಲ್ಕು ವರ್ಷ. ದಡಾರ ಎದ್ದು ಮೈಯೆಲ್ಲ ಕೆಂಪಗಾಗಿತ್ತು, ಕಣ್ಣು ತೆರೆಯುತ್ತಿರಲಿಲ್ಲ. ದವಾಖಾನೆಗೆ ಒಯ್ಯುತ್ತೇನೆ ಎಂದೆ. ಹಿರಿಯರು, ದೇವಿ ಮನೆಗೆ ಬಂದಾಗ ಹೊರಗೆ ಒಯ್ಯಬಾರದು, ಸುಮ್ಮನೆ ಕೂಡು ಎಂದರು. ನಾನು ಸುಮ್ಮನೆ ಕೂತೆ. ಒಂಬತ್ತು ದಿನ ಕೂತೆ. ಒಯ್ದಿದ್ದರೆ ಕಣ್ಣು ಉಳಿಯುತ್ತಿದ್ದವೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ಅಂದಿನಿಂದ ಸುಮ್ಮನೆ ಕೂಡುವುದು ಎಂದರೆ ನನಗೆ ಆಗುವುದಿಲ್ಲ. ನೀನು "ಏನೂ ಮಾಡಬೇಡ" ಎಂದು ಬರೆದಾಗ ನನಗೆ ಕೇಳಿಸಿದ್ದು ಆ ಹಿರಿಯರ ದನಿ.

ಇದು ಕ್ಷಮೆ ಕೇಳುವುದಕ್ಕೆ ಬರೆದದ್ದಲ್ಲ. ಗೊತ್ತಿರಲಿ ಎಂದು.

ನಾಳೆ ಸಾಹೇಬರಿಗೆ ಇನ್ನೊಂದು ಅರ್ಜಿ ಹಾಕುತ್ತೇನೆ. ಈ ಸಲ ನಿನಗೆ ಹೇಳಿಯೇ ಹಾಕುತ್ತೇನೆ. ನಕಲು ಇದರ ಜೊತೆ ಇದೆ. ನೀನು ಬೇಡ ಎಂದು ಬರೆದರೂ ಆ ಕಾಗದ ಬಂದು ಮುಟ್ಟುವಷ್ಟರಲ್ಲಿ ಅರ್ಜಿ ಹೋಗಿರುತ್ತದೆ.

ನಿನ್ನ ಅವ್ವ

*

ನಕಲು

ಶ್ರೀ ಶ್ರೀ ಮ್ಯಾನೇಜರ ಸಾಹೇಬರ ಸನ್ನಿಧಿಗೆ, ಇಳಕಲ್ಲದಿಂದ ಗುರುಲಿಂಗವ್ವ ಬರೆದ ಅರ್ಜಿ. ದಿನಾಂಕ 3-2-1984.

ವಿಷಯ: ನನ್ನ ಹಿಂದಿನ ಅರ್ಜಿ ತಪ್ಪಾಗಿರುವ ಬಗ್ಗೆ.

ಹಿಂದೆ ಡಿಸೆಂಬರ ತಿಂಗಳಲ್ಲಿ ನನ್ನ ಮಗಳ ಬಗ್ಗೆ ಒಂದು ಅರ್ಜಿ ಹಾಕಿದ್ದೆ. ಅದರಲ್ಲಿ ಹೊಸ ಯಂತ್ರ ಅವಳ ಕೈಲಾಗುವುದಿಲ್ಲ ಎಂದು ಬರೆದಿದ್ದೇನೆ. ನಾನು ಆ ಯಂತ್ರ ನೋಡಿಲ್ಲ. ಹಳೆಯ ಯಂತ್ರವನ್ನೂ ನೋಡಿಲ್ಲ. ಅವಳು ಕೆಲಸ ಮಾಡುವುದನ್ನು ಒಂದು ದಿನವೂ ಬಂದು ನೋಡಿಲ್ಲ. ನೀವು ಎರಡು ವರ್ಷ ನೋಡಿದ್ದೀರಿ. ನೋಡದವಳ ಮಾತು ಕೇಳಬಾರದು.

ಅವಳಿಗೆ ಕಾಣುವುದಿಲ್ಲ. ಅಷ್ಟೇ. ಕೈಗೆ ಏನೂ ಊನ ಇಲ್ಲ. ನಾನು ಮಗ್ಗದಲ್ಲಿ ಎಳೆ ಕೂಡಿಸುವವಳು, ಕೈ ಎಷ್ಟು ಬಲ್ಲದು ಎಂದು ಇತ್ತೀಚೆಗೆ ತಿಳಿಯಿತು. ದೀಪ ಕಣ್ಣಿಗೆ ಹೇಳುವುದನ್ನು ಮೊಳೆ ಬೆರಳಿಗೆ ಹೇಳಿದರೆ ಗಿರಣಿಗೆ ನಷ್ಟ ಏನು ಎಂದು ವಿಚಾರ ಮಾಡಬೇಕು. ತೂತು ಬೇಡವೆಂದರೆ ತೂತಿಲ್ಲದ ಉಪಾಯ ಇರುತ್ತದೆ. ಮಗ್ಗಕ್ಕೆ ಏನಾದರೂ ಹೊಸದು ಕೂಡಿಸಬೇಕಾದರೆ ನಾವು ಕಂಬ ಕೊರೆಯುವುದಿಲ್ಲ, ಮುಂದೆ ಒಂದು ಪಟ್ಟಿ ಕಟ್ಟುತ್ತೇವೆ.

ಒಂದು ಸಲ ಪರೀಕ್ಷೆ ಮಾಡಿರಿ. ತಪ್ಪಿದರೆ ಲಕೋಟೆ ಇದ್ದೇ ಇದೆ.

ಹಿಂದಿನ ಅರ್ಜಿಯನ್ನು ಹರಿದು ಹಾಕಬೇಕು. ಫೈಲಿನ ಕಾಗದ ಹರಿಯಲು ಬಾರದು ಎಂದಾದರೆ ಇದನ್ನು ಅದರ ಮೇಲೆ ಇಟ್ಟು ಟಾಚಣಿ ಚುಚ್ಚಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಹಿ: ಗುರುಲಿಂಗವ್ವ

*

ಬಾಗಲಕೋಟೆ
20-2-1984

ಅವ್ವಾರಿಗೆ ಅಬೇದಾ ಮಾಡುವ ಸಲಾಮು.

ಇದು ನಾನೇ ಬರೆಯುವ ಕಾಗದ, ಇಂದ್ರಾ ಹೇಳಿದ್ದಲ್ಲ. ಆದರೆ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ.

ನಿಮ್ಮ ಅರ್ಜಿಯನ್ನು ಸಾಹೇಬರು ಎರಡು ಸಲ ಓದಿದರು. ಆಮೇಲೆ ನನ್ನನ್ನು ಕರೆದು ಟಾಚಣಿ ಕೇಳಿದರು. ತಾವೇ ಹಚ್ಚಿದರು. ಜಾಫರ ಚಾಚಾನನ್ನು ಕರೆಸಿ ಪಟ್ಟಿಯ ಮಾತು ತೆಗೆದರು. ಚಾಚಾ ತಲೆ ಕೆರೆದುಕೊಂಡು, ಇದು ನನಗ್ಯಾಕ ಹೊಳೀಲಿಲ್ರಿ ಎಂದ. ಬೋರ್ಡಿಗೆ ಕೈ ಹಚ್ಚುವ ಹಾಗಿಲ್ಲ, ಮುಂದೆ ಕಟ್ಟಿಗೆಯ ಪಟ್ಟಿ ಕೂಡಿಸಿ ಅದರಲ್ಲಿ ಮೊಳೆ ಇರಬೇಕು ಎಂದು ಆಗಿದೆ. ಮಾರ್ಚ್ ಹನ್ನೊಂದು, ರವಿವಾರ, ಪರೀಕ್ಷೆ.

ನಿಮ್ಮ ಕಾಗದವನ್ನು ಒಂದೂ ಅಕ್ಷರ ಬಿಡದೆ ಓದಿದೆ. ದವಾಖಾನೆಯ ಮಾತು ಬಂದಾಗ ಕಾಗದ ಕೆಳಗಿಟ್ಟೆ. ಮುಂದೆ ಓದು ಎಂದು ಇಂದ್ರಾ ಹೇಳಿದಳು. ಓದಿ ಮುಗಿಸಿದ ಮೇಲೆ ಕಾಗದ ಕೇಳಿ ಇಸಿದುಕೊಂಡಳು. ಈಗ ಅದು ಅವಳ ಟ್ರಂಕಿನಲ್ಲಿದೆ. ಅವಳೇ ಬರೆಸುತ್ತಾಳೆ. ಅವಸರ ಮಾಡಬೇಡಿರಿ.

ನಿಮ್ಮ ಅಬೇದಾ

*

ಬಾಗಲಕೋಟೆ
13-3-1984

ಅವ್ವನಿಗೆ ಇಂದ್ರಾಳ ಶರಣಾರ್ಥಿ.

ರವಿವಾರ ಪರೀಕ್ಷೆ ಆಯಿತು. ನೀನು ಕುಂತಲ್ಲಿ ಕುಂತಿರುವುದಿಲ್ಲ ಎಂದು ಗೊತ್ತು, ಅದಕ್ಕೇ ಮೊದಲು ಹೇಳಿಬಿಡುತ್ತೇನೆ, ಕರೆಂಟು ಹೊಡೆಯಲಿಲ್ಲ.

ಆಫೀಸಿನವರೆಲ್ಲ ಹತ್ತು ಗಂಟೆಗೆ ಬಂದು ತಮ್ಮ ತಮ್ಮ ಫೋನಿನ ಹತ್ತಿರ ಕೂತರು. ಒಂದನೆಯದು ಸಾಹೇಬರದು, ಇಪ್ಪತ್ತನೆಯದು ಕ್ಯಾಂಟೀನಿನದು. ಗಂಟೆ ಬಾರಿಸಿತು, ಪಟ್ಟಿಯ ಮೇಲೆ ಕೈ ಇಟ್ಟೆ, ಇಪ್ಪತ್ತನೆಯ ಮೊಳೆ ಎದ್ದಿತ್ತು. ಗೋದಿ ಕಾಳಿನಷ್ಟು, ಬೆರಳಿಗೆ ಚೆನ್ನಾಗಿ ತಾಕುತ್ತದೆ. ವೈರು ಚುಚ್ಚಿದರೆ ಆ ಕಡೆ ಯಾರೂ ಇಲ್ಲ. ಮತ್ತೆ ಗಂಟೆ. ಹತ್ತೊಂಬತ್ತನೆಯದು ಎದ್ದಿತು. ಚುಚ್ಚಿದೆ. ಅಲ್ಲೂ ಯಾರೂ ಇಲ್ಲ. ಸಾಹೇಬರು ತಮ್ಮ ಖೋಲಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತರು. "ನಾ ಆಗಲೆ ಎತ್ತೇನಿ. ಏನಾತು?" ಎಂದರು. ನನ್ನ ಕಿವಿಯಲ್ಲಿ ನಿನ್ನ ಮೊದಲಿನ ಅರ್ಜಿಯ ಶಬ್ದ ಬಂತು. ಸುಳ್ಳು ಹೇಳುವುದಿಲ್ಲ.

ಲಕೋಟೆಯ ಖೋಲಿಯ ವಾಸನೆ ಕೂಡ ಬಂದ ಹಾಗಾಯಿತು. ಆಮೇಲೆ ವಿಚಾರ ಮಾಡಿದೆ. ಸಾಹೇಬರು ಎತ್ತಿದ್ದು ಒಂದು, ಎದ್ದದ್ದು ಇಪ್ಪತ್ತು. ಎರಡನೆಯವರು ಎತ್ತಿದಾಗ ಎದ್ದದ್ದು ಹತ್ತೊಂಬತ್ತು. ಜಾಫರಸಾಬ ಪಟ್ಟಿಯನ್ನು ಎಡಬಲ ತಿರುವಿ ಕೂಡಿಸಿದ್ದ.

ಅವನು ಹೌಹಾರಿ ಬಿಚ್ಚಲು ಬಂದ. "ಹಂಗ ಇರ್ಲಿ ಬಿಡೋ ಕಾಕಾ, ತಿಳೀತು" ಎಂದೆ. ಬಿಚ್ಚಿ ಕೂಡಿಸುವಷ್ಟು ಹೊತ್ತು ಸಾಹೇಬರು ನಿಲ್ಲುತ್ತಿದ್ದರೋ ಇಲ್ಲವೋ. ಮೂರು ಎದ್ದರೆ ಹದಿನೆಂಟು, ಏಳು ಎದ್ದರೆ ಹದಿನಾಲ್ಕು ಎಂದು ತಲೆಯಲ್ಲೇ ತಿರುವಿಕೊಂಡು ಕೂಡಿಸಿದೆ. ಕೊನೆಗೆ ಐದು ಮೊಳೆ ಒಟ್ಟಿಗೆ ಎದ್ದವು. ನೀನು ಎರಡಕ್ಕೇ ಅಂಜಿದ್ದೆ. ಮೂವತ್ತೊಂದು ಕೂಡಿಸಿದೆ, ಒಂದು ತಪ್ಪಿತು. ಸ್ಟೋರಿನವರ ಮಾತು ಕ್ಯಾಂಟೀನಿಗೆ ಹೋಯಿತು, ಅಡಿಗೆಯವನು ನಟ್ಟು ಬೋಲ್ಟು ಎಷ್ಟು ಕಿಲೋ ಎಂದು ಕೇಳಿದನಂತೆ. ಅಬೇದಾ ಜಾಫರಸಾಬನಿಗೆ, "ಚಾಚಾ, ನಿಮಗೂ ಒಂದು ಮೊಳಿಪಟ್ಟಿ ಮಾಡಿಸ್ಬೇಕು ಬಿಡ್ರಿ" ಎಂದು ಇನ್ನೂ ಕಾಡುತ್ತಿದ್ದಾಳೆ.

ಸಾಹೇಬರು ಯುಗಾದಿ ಆದ ಮೇಲೆ ಹೊಸ ಬೋರ್ಡು ಶುರು, ನೀನೇ ಕೂಡು, ಒಂದು ತಿಂಗಳು ನೋಡೋಣ ಎಂದರು. ಆಮೇಲಿನ ಮಾತು ಆಮೇಲೆ. ಹೊಸ ಬೋರ್ಡು ನಿಜವಾಗಿ ನಡೆಯುವಾಗ ಹೇಗಿರುತ್ತದೋ ನನಗೂ ಅಂಜಿಕೆ ಇದೆ. ನಿನಗೆ ಮಾತ್ರ ಹೇಳುತ್ತೇನೆ.

ಸಕ್ಕರೆ ಯಾರು ಹಾಕಿದ್ದು ಎಂದು ಕೇಳಿದ್ದೀ. ಹೇಳುವುದಿಲ್ಲ.

ಒಂಬತ್ತು ದಿನದ ಮಾತಿಗೆ ಕಾಗದದಲ್ಲಿ ಉತ್ತರ ಬರೆಸಲು ನನಗೆ ಬರುವುದಿಲ್ಲ. ಊರಿಗೆ ಬಂದಾಗ ನಿನ್ನ ಮಗ್ಗುಲಲ್ಲಿ ಮಲಗುತ್ತೇನೆ.

ನಿನ್ನ ಇಂದ್ರಾ

*

ಇಳಕಲ್ಲ
7-4-1984

ಚಿರಂಜೀವಿ ಇಂದ್ರಾಳಿಗೆ ಅವ್ವನ ಆಶೀರ್ವಾದ.

ನಿನಗೆ ಹೇಳಿಯೇ ಮಾಡಬೇಕು ಎಂದು ಮಾಡಿಕೊಂಡ ನೇಮ ನಿನ್ನೆ ಮುರಿಯಿತು. ಆದದ್ದನ್ನು ಇದ್ದಂತೆ ಬರೆಯುತ್ತೇನೆ.

ಯುಗಾದಿ ಮುಗಿದು ಬುಧವಾರ ಹೊಸ ಬೋರ್ಡು ಶುರುವಾಯಿತು ಎಂದು ನನಗೆ ಲೆಕ್ಕ ಇತ್ತು. ನೀನು ಅಂದೇ ಕಾಗದ ಬರೆಸಿದರೂ ಶನಿವಾರಕ್ಕೆ ಮುಟ್ಟುವುದು. ಅಷ್ಟು ದಿನ ಹೇಗಾದರೂ ಕಳೆಯಬಹುದು ಎಂದುಕೊಂಡಿದ್ದೆ. ಶುಕ್ರವಾರ ಮುಂಜಾನೆ ಮಗ್ಗಕ್ಕೆ ಎಂದು ಹೊರಟವಳು ಪೋಸ್ಟಾಫೀಸಿಗೆ ಹೋದೆ. ಬಾಗಲಕೋಟೆಯ ಗಿರಣಿಗೆ ಟ್ರಂಕ್ ಕಾಲ್ ಹಚ್ಚಬೇಕು ಎಂದೆ. ಗುಮಾಸ್ತ, ಯಾರ ಜೊತೆ ಮಾತಾಡಬೇಕು ಎಂದು ಕೇಳಿದ. ಮಾತಾಡುವುದು ಇಲ್ಲ, ಹತ್ತುತ್ತದೋ ಇಲ್ಲವೋ ನೋಡಬೇಕು ಎಂದೆ. ಅವನು ನನ್ನನ್ನು ಬಾಕಿನ ಮೇಲೆ ಕೂಡಲು ಹೇಳಿದ. ಒಂದೂವರೆ ತಾಸು ಕೂತೆ. ಅಷ್ಟರಲ್ಲಿ ಎರಡು ಸಲ ಎದ್ದು ಮನೆಗೆ ಹೋಗಿಬಿಡಬೇಕು ಎನಿಸಿತು. ಹತ್ತಲಿಲ್ಲ ಎಂದರೆ ಏನು ಮಾಡಲಿ ಎಂದು.

ಆಮೇಲೆ ಅವನು ಕೈ ಮಾಡಿ ಕರೆದ. ಫೋನನ್ನು ತಲೆಕೆಳಗೆ ಹಿಡಿದಿದ್ದೆ, ಅವನೇ ತಿರುವಿ ಕೊಟ್ಟ. ಹಂಚಿನ ಮೇಲೆ ಜೋಳ ಅರಳು ಹುರಿದ ಹಾಗೆ ಸದ್ದು. ಆ ಸದ್ದಿನ ಆಚೆಯಿಂದ ಒಂದು ದನಿ, ನಿಂತು ನಿಂತು, ಸ್ಪಷ್ಟ.

"ನಮಸ್ಕಾರ. ಯಾರು ಬೇಕ್ರಿ?"

ಇಪ್ಪತ್ತಮೂರು ವರ್ಷದಲ್ಲಿ ನೀನು ನನಗೆ ಒಮ್ಮೆಯೂ ರಿ ಹಚ್ಚಿ ಮಾತಾಡಿಲ್ಲ. ಯಾವ ಮಗಳು ಅವ್ವನಿಗೆ ರಿ ಎನ್ನುತ್ತಾಳೆ? ನನಗೆ ಏನನಿಸಿತು ಎಂದು ಹೇಳಲು ಬರುವುದಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡೆ, ಅಷ್ಟು ಗೊತ್ತು. ಇಂದ್ರಾ ಎನ್ನಬೇಕು ಎಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಮ್ಯಾನೇಜರ ಸಾಹೇಬ್ರು" ಎಂದೆ.

"ತಡೀರಿ, ಕೂಡಸ್ತೇನಿ" ಎಂದಿ. ನೀನು ಒಂದು ಗಳಿಗೆ ತಡೆದೆಯೋ, ವೈರಿನದೇ ಅಷ್ಟು ತಡವೋ ನನಗೆ ತಿಳಿಯಲಿಲ್ಲ. ನನ್ನ ದನಿ ಗುರುತು ಸಿಕ್ಕಿತೋ ಇಲ್ಲವೋ, ಅದನ್ನು ನೀನು ನನಗೆ ಬರೆಯಬೇಡ. ಕಟ್ ಎಂದಿತು, ಸಾಹೇಬರು ಬಂದರು.

ನನಗೆ ಅವರ ಹತ್ತಿರ ಏನೂ ಮಾತು ಇರಲಿಲ್ಲ. ನಾನು ಯಾರು ಎಂದು ಹೇಳಿದೆ. ಅರ್ಜಿ ಬರೆದಾಕಿ ಎಂದೆ, ಎರಡೂ ಎಂದೆ. ಅವರು ನಕ್ಕರೋ ಕೆಮ್ಮಿದರೋ, ಗೊತ್ತಾಗಲಿಲ್ಲ. ಏನಾಗಬೇಕಿತ್ತು ಎಂದು ಕೇಳಿದರು. ಏನೂ ಆಗಬೇಕಿಲ್ಲ, ಫೋನು ತಮಗೆ ಸರಿಯಾಗಿ ಬಂತಲ್ಲ ಎಂದೆ. ಬಂತು ಎಂದರು. ಮೂರು ದಿನದಿಂದ ಎಲ್ಲ ಸರಿಯಾಗಿ ಬರುತ್ತಿವೆಯೇ ಎಂದೆ. ಬರುತ್ತಿವೆ ಎಂದರು. ಇನ್ನು ಒಂದು ತಿಂಗಳು ನೋಡುವ ಮಾತು ಬಿಟ್ಟೆ, ಲಕೋಟೆಗೆ ಬೇರೆ ಹುಡುಗನನ್ನು ತೆಗೆದುಕೊಂಡೆ ಎಂದರು. ಇದನ್ನು ಅವರು ನಿನಗೆ ಹೇಳಿದ್ದಾರೋ ಇಲ್ಲವೋ. ಹೇಳಿರದಿದ್ದರೆ ನೀನು ನನ್ನಿಂದ ಕೇಳಿದ ಹಾಗೆ ತೋರಿಸಬೇಡ.

ಗುಮಾಸ್ತ ಒಂದು ಬೆರಳು ಎತ್ತಿ, ಇನ್ನೂ ಒಂದು ನಿಮಿಷ ಇದೆ ಎಂದು ತೋರಿಸಿದ.

"ನಿಮ್ಮ ಮಗಳಿಗೆ ಕೂಡಸ್ಲೇನ್ರಿ?" ಎಂದು ಸಾಹೇಬರು ಕೇಳಿದರು.

ಕೇಳಬೇಕಾದದ್ದು ಎಷ್ಟೋ ಇತ್ತು. ಬೆರಳು ನೋಯುತ್ತವೋ, ಹೊತ್ತಿಗೆ ಸರಿಯಾಗಿ ಉಂಡಿಯೋ, ಬೋರ್ಡಿನ ಮುಂದಿನ ಕುರ್ಚಿ ಗಟ್ಟಿ ಇದೆಯೋ. ಆ ಕಡೆ, ಸಾಹೇಬರ ದನಿಯ ಹಿಂದೆ, ನಿಮ್ಮ ಬೋರ್ಡಿನ ಗಂಟೆ ಕೇಳುತ್ತಿತ್ತು. ಒಂದು ನಿಂತರೆ ಇನ್ನೊಂದು.

"ಬ್ಯಾಡ್ರಿ" ಎಂದೆ. "ಆಕಿ ಕೆಲಸದಾಗ ಅದಾಳ."

ನಿನ್ನ ಅವ್ವ,
ಗುರುಲಿಂಗವ್ವ